ದೋಣಿಯ ಬಟ್ಟೆಮಾಡು

ಮೇ ತಿಂಗಳು ಅರ್ಧ ಕಳೆಯಿತೆಂದರೆ ನಮ್ಮ ಕರಾವಳಿಯಲ್ಲಿ ಎಲ್ಲರ ಕಣ್ಣೂ ಮಾಡಿನ ಮೇಲೆ. ಒಡೆದ ಹಂಚು ಬದಲಾಗುತ್ತದೆ, ಸೌದೆ ಕೊಟ್ಟಿಗೆ ಸೇರುತ್ತದೆ, ಅಂಗಳದ ಚಪ್ಪರ ಇಳಿಯುತ್ತದೆ. ಕಡಲ ಕಡೆಯೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ದೋಣಿಗಳೂ ಮಳೆಗಾಲಕ್ಕೆ ದಡ ಹತ್ತುತ್ತವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕೆನ್ನುವವರು ಕಡಲು ತಣಿಯುವವರೆಗೆ ಕಾಯಬೇಕು. ಈ ಬಿಡುವಿನಲ್ಲಿ ಎಂಜಿನ್ನು ಬಿಚ್ಚುತ್ತಾರೆ, ತಳ ಕೆರೆದು ಬಣ್ಣ ಹೊಡೆಯುತ್ತಾರೆ. ಯಾರೂ ವಿಚಾರಿಸದೆ ಉಳಿಯುವುದು ದೋಣಿಯ ನೆತ್ತಿಯ ಮೇಲಿನ ಬಟ್ಟೆಯೊಂದೇ. ಅದನ್ನು ಬಿಚ್ಚಿ, ಉಂಡೆ ಕಟ್ಟಿ, ಮೂಲೆಗೆ ಒಗೆದರೆ ಆಯಿತು. ಮಳೆ ಕಳೆದ ಮೇಲೆ ಬಿಡಿಸಿ ನೋಡಿದರೆ ಮೈಯೆಲ್ಲ ಕಪ್ಪು ಚುಕ್ಕೆ, ಮುಗ್ಗಲು ವಾಸನೆ, ಮಡಿಕೆಯಲ್ಲಿ ಇಲಿ ಕಡಿದ ತೂತು. "ಹಳತಾಯ್ತು ಮಾರಾಯ್ರೇ, ಹೊಸತು ಹೊಲಿಸ್ಬೇಕು" ಎಂಬ ಮಾತು ಆಗ ಬರುತ್ತದೆ.

ನನಗೆ ಆ ಮಾತಿನ ಮೇಲೆ ನಂಬಿಕೆಯಿಲ್ಲ. ದೋಣಿಯ ಬಟ್ಟೆ ವಯಸ್ಸಾಗಿ ಸಾಯುವುದು ಕಡಿಮೆ. ಕೊಳೆಯಿಂದ, ಒದ್ದೆಯಾಗಿಯೇ ಮಡಚಿಟ್ಟದ್ದರಿಂದ, ಕೊಳೆಯ ಮೇಲೆಯೇ ಮತ್ತೆ ಮತ್ತೆ ವಾಟರ್‌ಪ್ರೂಫ್ ಲೇಪ ಬಳಿದದ್ದರಿಂದ ಸಾಯುವುದು ಹೆಚ್ಚು. ಲೇಪದ ಡಬ್ಬಿ ತರುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಬಹಳವಿದೆ. ಅದನ್ನು ಸರಿಯಾಗಿ ಮಾಡಿದವರಿಗೆ ಎಷ್ಟೋ ಸಲ ಡಬ್ಬಿಯೇ ಬೇಕಾಗುವುದಿಲ್ಲ.

ನಾನು ಹೇಳುತ್ತಿರುವುದು ಹೊನ್ನಾವರದಲ್ಲಿ ಶರಾವತಿಯ ಮೇಲೆ, ಕಾರವಾರದ ಹತ್ತಿರ ಕಾಳಿಯ ಮೇಲೆ ಓಡಾಡುವಂಥ ಸಣ್ಣ ದೋಣಿಗಳ ವಿಷಯ. ಕಬ್ಬಿಣದ ಅಥವಾ ಸ್ಟೀಲಿನ ಪೈಪು ಬಾಗಿಸಿ ನಿಲ್ಲಿಸಿದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಅಂಚಿಗೆ ಹಿತ್ತಾಳೆಯ ಕಣ್ಣುಗಳು, ಕಟ್ಟಲು ನೈಲಾನ್ ಹಗ್ಗ. ಸ್ವಲ್ಪ ಅನುಕೂಲಸ್ಥರ ದೋಣಿಯಾದರೆ ಸುತ್ತ ಜಿಪ್ಪು, ಟಿಚ್ ಬಟನ್ನು, ಮಳೆ ಹೊಡೆದರೆ ಇಳಿಬಿಡಲು ಪಾರದರ್ಶಕ ಪ್ಲಾಸ್ಟಿಕ್ ಪರದೆ. ಒಟ್ಟಿನಲ್ಲಿ ಬಟ್ಟೆಯ ಮಾಡು.

ಮೊದಲು ತಿಳಿಯಬೇಕಾದ್ದು ಇದು ಯಾವ ಬಟ್ಟೆ ಎಂದು. ಅಂಗಡಿಯಲ್ಲಿ ಎಲ್ಲವೂ ತಾಡಪಾಲು, ಎಲ್ಲವೂ ಕ್ಯಾನ್ವಾಸು. ಆದರೆ ಹತ್ತಿಯ ಕ್ಯಾನ್ವಾಸಿಗೆ ಮಾಡುವ ಆರೈಕೆಯನ್ನು ಅಕ್ರಿಲಿಕ್ಕಿಗೆ ಮಾಡಿದರೆ ಕೆಲಸ ಕೆಡುತ್ತದೆ. ಸಂಶಯವಿದ್ದರೆ ಅಂಚಿನ ಮಡಿಕೆಯಿಂದ ಒಂದು ನೂಲು ಎಳೆದು, ಪೆಟ್ರೋಲಿನಿಂದ ದೂರ ಹೋಗಿ, ಬೆಂಕಿಕಡ್ಡಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ. ಅಕ್ರಿಲಿಕ್ ಕರಿ ಹೊಗೆ ಬಿಟ್ಟು ಚಟಪಟ ಉರಿದು ಗಟ್ಟಿಯಾದ ಕರಿ ಮಣಿಯಾಗಿ ನಿಲ್ಲುತ್ತದೆ. ಪಾಲಿಯೆಸ್ಟರ್ ಉರಿಯುವುದಕ್ಕಿಂತ ಮುಂಚೆ ಕರಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಕೂಡಿಸಿ ನೇಯ್ದದ್ದೂ ಉಂಟು. ಅದು ಎರಡರ ಗುಣವನ್ನೂ ತೋರಿಸುತ್ತದೆ. ಇನ್ನು ಲಾರಿಗಳಿಗೆ ಹೊದಿಸುವ ಪಿವಿಸಿ ತಾಡಪಾಲಿಗೆ ಈ ಪರೀಕ್ಷೆಯೇ ಬೇಡ, ಅದರ ನುಣುಪೇ ಹೇಳುತ್ತದೆ. ಅಲ್ಲಿ ನೀರು ತಡೆಯುವುದು ನೇಯ್ಗೆಯ ಮೇಲೆ ಎರೆದ ಪ್ಲಾಸ್ಟಿಕ್ ಪದರ. ಆ ಪದರ ಬಿರುಕು ಬಿಟ್ಟ ಮೇಲೆ ತೇಪೆ ಹಾಕಬಹುದೇ ಹೊರತು ಯಾವ ಲೇಪವನ್ನೂ ಅದು ಹೀರುವುದಿಲ್ಲ. ಆದ್ದರಿಂದ ಇವತ್ತಿನ ಮಾತು ನೇಯ್ದ ಬಟ್ಟೆಗೆ ಮಾತ್ರ.

ನೇಯ್ದ ಬಟ್ಟೆಯೆಂದರೆ ಸಾವಿರಾರು ತೂತುಗಳು. ಆದರೂ ಅದು ಸೋರುವುದಿಲ್ಲ, ಯಾಕೆ? ಕೆಸುವಿನ ಎಲೆಯ ಮೇಲೆ ನೀರು ಬಿದ್ದದ್ದನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಪತ್ರೊಡೆಗೆಂದು ಕೊಯ್ಯುವಾಗ ಎಲೆಯ ಮೇಲಿನ ನೀರು ಮುತ್ತಿನಂತೆ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಉಬ್ಬುಗಳ ಮೇಲೆ ಮೇಣದ ಹರಳುಗಳಿವೆ. ನೀರು ಆ ತುದಿಗಳ ಮೇಲೆ ಕುಳಿತುಕೊಳ್ಳುತ್ತದೆ, ಕೆಳಗೆ ಗಾಳಿಯೇ ಉಳಿಯುತ್ತದೆ. ತಾವರೆಯ ಎಲೆಯದೂ ಇದೇ ಕತೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಅವರ ಸಂಗಡಿಗರೊಬ್ಬರು 1997ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಲೋಕಕ್ಕೆಲ್ಲ ಗೊತ್ತಾಯಿತು. ಉರುಳುವ ಹನಿ ಧೂಳನ್ನೂ ಹೊತ್ತುಕೊಂಡು ಹೋಗುವುದರಿಂದ ಎಲೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬುದು ಅವರು ತೋರಿಸಿದ ಇನ್ನೊಂದು ಸಂಗತಿ. ಬಟ್ಟೆಗೆ ಹಚ್ಚುವ ಲೇಪವೂ ಮಾಡುವುದು ಹೆಚ್ಚುಕಡಿಮೆ ಇದನ್ನೇ. ತೂತು ಮುಚ್ಚುವುದಲ್ಲ ಅದರ ಕೆಲಸ. ನೂಲಿಗೂ ನೀರಿಗೂ ಸ್ನೇಹ ಬೆಳೆಯದಂತೆ ನೋಡಿಕೊಳ್ಳುವುದು. ಗಾಳಿ ಆಡುತ್ತದೆ, ನೀರು ನಿಲ್ಲುತ್ತದೆ.

ಈಗ ಅದೇ ಕೆಸುವಿನ ಎಲೆಗೆ ಸೋಪಿನ ನೀರು ಹಾಕಿ ನೋಡಿ. ಮೊದಲಿನ ಹಾಗೆ ಮುತ್ತಾಗಿ ಉರುಳುವುದಿಲ್ಲ, ಹರಡಿ ಅಂಟಿಕೊಳ್ಳುತ್ತದೆ. ಸೋಪು ಸೇರಿದ ನೀರಿನ ಮೇಲ್ಮೈ ಎಳೆತ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ದೋಣಿಯ ಬಟ್ಟೆಯ ಅರ್ಧ ರೋಗಕ್ಕೆ ಕಾರಣ ಇಲ್ಲಿದೆ. ಡಿಟರ್ಜೆಂಟ್ ಪುಡಿ ಹಾಕಿ ಉಜ್ಜಿ, ಎರಡು ಬಕೆಟ್ ನೀರು ಸುರಿದು ಸ್ವಚ್ಛವಾಯಿತೆಂದು ಬಿಟ್ಟರೆ, ನೂಲಿನೊಳಗೆ ಉಳಿದ ಆ ಪುಡಿ ಮುಂದಿನ ಪ್ರತಿಯೊಂದು ಮಳೆಯ ಹನಿಯನ್ನೂ ಒಳಗೆ ಕರೆದು ಕೂರಿಸುತ್ತದೆ. ಲೇಪ ಹೋಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಲೇಪ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಡಿಟರ್ಜೆಂಟ್ ಕೂತಿರುತ್ತದೆ.

ಹತ್ತಿಗೆ ಮಾತ್ರ ಇನ್ನೊಂದು ಗುಣವಿದೆ. ಒದ್ದೆಯಾದರೆ ಅದರ ನೂಲು ಉಬ್ಬುತ್ತದೆ, ಉಬ್ಬಿದಾಗ ನೇಯ್ಗೆಯ ತೂತು ತಾನಾಗಿ ಬಿಗಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯವರು ಈ ಒಂದು ಗುಣವನ್ನೇ ಹಿಡಿದು, ಬಹಳ ಒತ್ತಾಗಿ ನೇಯ್ದ ವೆಂಟೈಲ್ ಎಂಬ ಹತ್ತಿಬಟ್ಟೆ ಮಾಡಿದರು. ಚಳಿಗಡಲಿಗೆ ಬಿದ್ದ ವಿಮಾನ ಚಾಲಕರು ಸ್ವಲ್ಪ ಹೆಚ್ಚು ಹೊತ್ತು ಬದುಕಿರಲೆಂದು ಅದರಲ್ಲಿ ಉಡುಪು ಹೊಲಿದರು. ಹಳೆಯ ಡೇರೆಯವರು ಹೊಸ ಡೇರೆಯನ್ನು ಒಮ್ಮೆ ಪೂರ್ತಿ ನೆನೆಸಿ ಒಣಗಿಸಿಯೇ ಬಳಕೆಗೆ ತರುತ್ತಿದ್ದುದೂ ಇದೇ ತಿಳಿವಿನಿಂದ; ಹಾಗೆ ಮಾಡಿದರೆ ಹೊಲಿಗೆಯ ಸೂಜಿತೂತುಗಳೂ ಕೂಡಿಕೊಳ್ಳುತ್ತವೆ. ಅಕ್ರಿಲಿಕ್ಕಿಗೆ ಈ ಸೌಭಾಗ್ಯವಿಲ್ಲ. ಅದು ಉಬ್ಬುವುದಿಲ್ಲ, ಪೂರ್ತಿ ಲೇಪವನ್ನೇ ನಂಬಿದೆ. ಬದಲಿಗೆ ಅದು ಬಿಸಿಲಿಗೆ ಬಗ್ಗುವುದಿಲ್ಲ. 1961ರಲ್ಲಿ ಅಮೆರಿಕದ ಗ್ಲೆನ್ ರೇವನ್ ಕಂಪನಿ ಸನ್‌ಬ್ರೆಲ್ಲಾ ಎಂಬ ಅಕ್ರಿಲಿಕ್ ಬಟ್ಟೆಯನ್ನು ಮಾರುಕಟ್ಟೆಗೆ ತಂದಿತು. ನೂಲಾಗುವ ಮೊದಲೇ ಕರಗಿದ ಪಾಕಕ್ಕೆ ಬಣ್ಣ ಬೆರೆಸುವುದರಿಂದ ಅದು ಬಣ್ಣಗೆಡುವುದು ನಿಧಾನ. ಶ್ರೀಮಂತರ ವಿಹಾರದೋಣಿಗಳ ಹೊದಿಕೆ ಹೆಚ್ಚಾಗಿ ಇಂಥ ಬಟ್ಟೆಯದೇ.

ಲೇಪದ ಯೋಚನೆ ಹಳೆಯದು. ಪಶ್ಚಿಮದ ನಾವಿಕರು ಸೆಣಬಿನ ಬಟ್ಟೆಗೆ ಡಾಂಬರು ಬಳಿದರು, ಅಗಸೆ ಎಣ್ಣೆ ಕುಡಿಸಿದರು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟೋಶ್ ಎರಡು ಬಟ್ಟೆಗಳ ನಡುವೆ ರಬ್ಬರು ಕೂರಿಸಿ ಪೇಟೆಂಟ್ ಪಡೆದ. ಈ ಲೇಪದ ಕತೆಯಲ್ಲಿ ನಮಗೆ ಹತ್ತಿರದ್ದೊಂದು ಸಂಗತಿಯಿದೆ. ಇಂಗ್ಲೆಂಡಿನ ಮೀನುಗಾರರು ಹಾಯಿ ಕೊಳೆಯದಿರಲೆಂದು ಅದನ್ನು ಕಾಚಿನ ಕಷಾಯದಲ್ಲಿ ಕುದಿಸುತ್ತಿದ್ದರು. ಆ ಕಾಚು ಇಂಡಿಯಾದಿಂದ, ಬರ್ಮಾದಿಂದ ಹಡಗೇರಿ ಹೋಗುತ್ತಿತ್ತು. ಅಜ್ಜಂದಿರ ವೀಳ್ಯವನ್ನು ಕೆಂಪಾಗಿಸಿದ ಅದೇ ಕಾಚು, ಅಲ್ಲಿನ ಹಾಯಿಗಳನ್ನೂ ಕೆಂಪಾಗಿಸಿ ಬೂಷ್ಟು ಹಿಡಿಯದಂತೆ ಕಾದಿತು. ಒಗರೇ ಇದರ ಗುಟ್ಟು. ನಮ್ಮವರಿಗೂ ಇದು ಗೊತ್ತಿಲ್ಲದ್ದೇನಲ್ಲ. ನೈಲಾನ್ ಬರುವ ಮೊದಲು ಹತ್ತಿಯ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುವುದು ಮೀನುಗಾರರ ಮನೆಯ ಮಾಮೂಲಿ ಕೆಲಸವಾಗಿತ್ತು. ಗೇರುಬೀಜದ ಸಿಪ್ಪೆಯ ಎಣ್ಣೆ ದೋಣಿಯ ಮರಕ್ಕೆ ಬೀಳುತ್ತಿತ್ತು. ಹಾಗೆಂದು ಈಗ ಯಾರೂ ಗೇರೆಣ್ಣೆ ತಂದು ಬಟ್ಟೆಮಾಡಿಗೆ ಬಳಿಯಬೇಡಿ. ಕೈ ಸುಡುತ್ತದೆ, ಕೂತವರ ಬಟ್ಟೆಗೂ ಕಲೆ.

ಇನ್ನು ಕೆಲಸಕ್ಕೆ ಬರೋಣ.

ಬಟ್ಟೆಯನ್ನು ಚೌಕಟ್ಟಿನ ಮೇಲೆ ಇರುವಾಗಲೇ ಒಣ ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಕಾಗೆ, ಬೆಳ್ಳಕ್ಕಿ, ನೀರುಕಾಗೆಗಳ ಹಿಕ್ಕೆ ಗಟ್ಟಿಯಾಗಿ ಕೂತಿದ್ದರೆ ಕೆರೆಯಬೇಡಿ. ಒದ್ದೆ ಗೋಣಿಯ ತುಂಡನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಸಿ, ನೆನೆದ ಮೇಲೆ ಒರೆಸಿ. ಹಿಕ್ಕೆಯಲ್ಲಿ ಆಮ್ಲವಿದೆ, ತಿಂಗಳುಗಟ್ಟಲೆ ಬಿಟ್ಟರೆ ಬಣ್ಣವನ್ನೂ ಲೇಪವನ್ನೂ ತಿನ್ನುತ್ತದೆ. ಆಮೇಲೆ ಸಿಹಿನೀರು, ಬೇಕಾದಷ್ಟು. ಅಳಿವೆಯ ಉಪ್ಪುನೀರಿನಲ್ಲಿ ತೊಳೆಯುವುದು ತೊಳೆಯದೆ ಬಿಡುವುದಕ್ಕಿಂತ ಕೆಟ್ಟದ್ದು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದು ಒಣಗಿ ನೂಲಿನ ನಡುವೆ ಹರಳುಗಟ್ಟಿದರೆ, ಗಾಳಿಗೆ ಬಟ್ಟೆ ಪಟಪಟ ಬಡಿದಾಗಲೆಲ್ಲ ಒಳಗಿಂದ ನೂಲನ್ನು ಸವೆಸುತ್ತದೆ. ಸಾಲದ್ದಕ್ಕೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಬಟ್ಟೆಯನ್ನು ಸದಾ ಹಸಿಯಾಗಿಡುತ್ತದೆ. ಬೂಷ್ಟಿಗೆ ಬೇಕಾದ್ದೂ ಅದೇ.

ಬರೀ ನೀರಿಗೆ ಹೋಗದ ಕೊಳೆಗೆ ಸೌಮ್ಯವಾದ ಸೋಪು ಸಾಕು. ಅಂಟುವಾಳದ ನೊರೆಯಾದರೂ ಆದೀತು. ರೇಷ್ಮೆ ಸೀರೆ ತಡೆದುಕೊಳ್ಳುವುದನ್ನು ಕ್ಯಾನ್ವಾಸು ತಡೆದುಕೊಳ್ಳದೆ? ನೀರು ತಣ್ಣಗಿರಲಿ, ಹೆಚ್ಚೆಂದರೆ ಉಗುರುಬೆಚ್ಚಗೆ. ಬಿಸಿನೀರು ಲೇಪವನ್ನು ಎಬ್ಬಿಸುತ್ತದೆ, ಬಟ್ಟೆಯನ್ನು ಕುಗ್ಗಿಸುತ್ತದೆ. ಕುಗ್ಗಿದ ಬಟ್ಟೆ ಆಮೇಲೆ ಚೌಕಟ್ಟಿಗೆ ಎಟುಕುವುದಿಲ್ಲ, ಟಿಚ್ ಬಟನ್ನುಗಳು ನಾಲ್ಕು ಬೆರಳು ದೂರ ನಿಂತು ನಮ್ಮನ್ನು ನೋಡುತ್ತವೆ. ವಾಷಿಂಗ್ ಮೆಷಿನ್ನಿಗೆ ತುರುಕಬಾರದು. ವಾಹನ ತೊಳೆಯುವ ಪ್ರೆಶರ್ ಪಂಪು ಹಿಡಿಯಲೇಬಾರದು. ಅದರಲ್ಲಿ ಕೊಳೆ ಹೋಗುವುದು ನೋಡಲು ಚೆಂದ. ಆದರೆ ಅಷ್ಟೇ ವೇಗದಲ್ಲಿ ಲೇಪವೂ ಹೋಗುತ್ತದೆ, ನೇಯ್ಗೆ ಸಡಿಲಾಗುತ್ತದೆ, ಹೊಲಿಗೆಯ ಬಾಯಿ ತೆರೆಯುತ್ತದೆ. ಪಂಪಿನವರು ಬೇಸರಪಡಬಾರದು, ಎಂಜಿನ್ನಿಗೆ ಅದು ಬೇಕು, ಬಟ್ಟೆಗೆ ಬೇಡ. ಸೋಪು ಯಾವುದೇ ಇರಲಿ, ಅಂಟುವಾಳವೇ ಆಗಲಿ, ತೊಳೆದ ನೀರಿನಲ್ಲಿ ನೊರೆ ಕಾಣದವರೆಗೆ ಜಾಲಿಸಬೇಕು. ಜಾಲಿಸುವುದು ಉಜ್ಜುವುದಕ್ಕಿಂತ ದೊಡ್ಡ ಕೆಲಸ. ಉಜ್ಜಿದ್ದಕ್ಕಿಂತ ಹೆಚ್ಚು ಹೊತ್ತು ಅದಕ್ಕೇ ಹೋಗಬೇಕು.

ಪಾರದರ್ಶಕ ಪರದೆಯಿದ್ದರೆ ಅದನ್ನು ಬೇರೆಯಾಗಿ ನೋಡಿಕೊಳ್ಳಿ. ಒಣಗಿರುವಾಗ ಒರೆಸಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ನೀರು ಹೊಯ್ದು, ಆಮೇಲೆ ಹಳೆಯ ಪಂಚೆಯ ತುಂಡಿನಂಥ ಮೆತ್ತನೆಯ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ, ಥಿನ್ನರು ಇದಕ್ಕೆ ತಾಗಕೂಡದು. ಮಂಜು ಕವಿದಂತೆ ಆಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ.

ಕಪ್ಪು ಬೂಷ್ಟಿನ ಚುಕ್ಕೆಗಳ ವಿಷಯ ಸ್ವಲ್ಪ ನಾಜೂಕು. ಹತ್ತಿಯಲ್ಲಿ ಬೂಷ್ಟು ನೂಲನ್ನೇ ತಿನ್ನುತ್ತದೆ. ಅಕ್ರಿಲಿಕ್ಕಿನಲ್ಲಿ ಅದಕ್ಕೆ ನೂಲು ಆಹಾರವಲ್ಲ. ಮೇಲೆ ಕೂತ ಧೂಳು, ಎಲೆಯ ರಸ, ಪ್ರವಾಸಿಗರು ಚೆಲ್ಲಿದ ಚುರುಮುರಿಯ ಎಣ್ಣೆ, ಇವನ್ನು ತಿಂದು ಬೆಳೆಯುತ್ತದೆ. ಹಾಗಾಗಿ ಅಕ್ರಿಲಿಕ್ಕಿನ ಬೂಷ್ಟನ್ನು ದ್ರವರೂಪದ ಬ್ಲೀಚಿನಿಂದ ತೆಗೆಯಬಹುದು. ಹತ್ತು ಲೀಟರ್ ನೀರಿಗೆ ಸುಮಾರು ಅರ್ಧ ಲೀಟರ್ ಬ್ಲೀಚು, ಸ್ವಲ್ಪ ಸೌಮ್ಯ ಸೋಪು. ಹಚ್ಚಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಡದೆ ಚೆನ್ನಾಗಿ ಜಾಲಿಸಬೇಕು. ಬಟ್ಟೆ ಅಕ್ರಿಲಿಕ್ ಎಂದು ಖಾತ್ರಿಯಿದ್ದರೆ ಮಾತ್ರ ಈ ಮಾತು. ಹತ್ತಿಗೂ ಹತ್ತಿ ಬೆರೆತದ್ದಕ್ಕೂ ಬ್ಲೀಚು ಹಾಕಿದರೆ ಚುಕ್ಕೆಯ ಜೊತೆಗೆ ಬಣ್ಣವೂ ಬಲವೂ ಹೋಗುತ್ತವೆ. ಹತ್ತಿಯಲ್ಲಿ ಚುಕ್ಕೆ ಉಳಿದರೆ ಉಳಿಯಲಿ. ಬೂಷ್ಟು ಸತ್ತಿದ್ದರೆ ಸಾಕು, ಅದರ ಕಲೆ ಸೋರುವುದಿಲ್ಲ. ಇನ್ನೊಂದು ಎಚ್ಚರ: ಬ್ಲೀಚನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಏಳುವ ಕ್ಲೋರಿನ್ ಅನಿಲ ಎದೆ ಸುಡುತ್ತದೆ.

ಒಣಗಿಸುವುದಕ್ಕೆ ಬಂದಾಗ ನಮ್ಮ ಜನರಿಗೆ ತಾಳ್ಮೆ ತೀರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿದು. ಮೇ ತಿಂಗಳಲ್ಲೇ ಗಾಳಿಯಲ್ಲಿ ನೀರು ತುಂಬಿರುತ್ತದೆ. ಕೈ ಸವರಿದರೆ ಬಟ್ಟೆ ಗರಿಗರಿ ಎನ್ನುತ್ತದೆ, ಆದರೆ ಅಂಚಿನಲ್ಲಿ ಮೂರು ಪದರ ಮಡಚಿ ಹೊಲಿದ ಪಟ್ಟಿಯಿದೆಯಲ್ಲ, ಅದರೊಳಗೆ ತೇವ ಕೂತಿರುತ್ತದೆ. ಬೂಷ್ಟು ಯಾವಾಗಲೂ ಅಂಚಿನಿಂದ ಶುರುವಾಗುವುದು ಇದಕ್ಕೇ. ಆ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಂಡಿ ಕೆನ್ನೆಗೆ ಒತ್ತಿ ನೋಡಿ, ತಣ್ಣಗೆನಿಸಿದರೆ ಇನ್ನೂ ಒಣಗಿಲ್ಲ. ತೊಳೆದದ್ದನ್ನು ಹಗ್ಗದ ಮೇಲೆ ಇಳಿಬಿಡುವುದಕ್ಕಿಂತ, ಸ್ವಲ್ಪ ಹಸಿಯಿರುವಾಗಲೇ ಮರಳಿ ಚೌಕಟ್ಟಿಗೆ ಕಟ್ಟಿ ಅಲ್ಲೇ ಒಣಗಲು ಬಿಡುವುದು ಮೇಲು. ಆಗ ಅದು ಚೌಕಟ್ಟಿನ ಅಳತೆಗೇ ಒಣಗುತ್ತದೆ.

ಒಣಗಿದ ಮೇಲೆ ಪರೀಕ್ಷೆ. ಒಂದು ಚೊಂಬು ನೀರನ್ನು ನೆತ್ತಿಯ ಮೇಲೆ ನಿಧಾನವಾಗಿ ಹೊಯ್ಯಿರಿ. ಹನಿಗಳು ಉರುಳಿ ಇಳಿದರೆ ಲೇಪ ಬದುಕಿದೆ, ಕೆಲಸ ಮುಗಿಯಿತು. ಬಟ್ಟೆಯ ಬಣ್ಣ ಗಾಢವಾಗಿ ನೀರು ಹರಡಿಕೊಂಡರೆ ಮಾತ್ರ ಲೇಪ ಬೇಕು. ಇಡೀ ಬಟ್ಟೆಗೇ ಬೇಕಾಗದಿರಬಹುದು. ಬಿಸಿಲು ನೇರ ಬೀಳುವ ನೆತ್ತಿ ಸೋತಿದ್ದು, ಪಕ್ಕಗಳು ಚೆನ್ನಾಗಿಯೇ ಇರುವುದು ಸಾಮಾನ್ಯ. ಈ ಪರೀಕ್ಷೆಯನ್ನು ತೊಳೆಯುವ ಮೊದಲು ಮಾಡಿದರೆ ಪ್ರಯೋಜನವಿಲ್ಲ. ಕೊಳೆಯಿರುವ ಬಟ್ಟೆ ಯಾವಾಗಲೂ ಸೋತದ್ದೆಂದೇ ಕಾಣುತ್ತದೆ.

ಲೇಪಕ್ಕೆ ಮೊದಲು ಹೊಲಿಗೆ ನೋಡಬೇಕು. ಬಟ್ಟೆಗಿಂತ ಮುಂಚೆ ಸಾಯುವುದು ದಾರ. ಹೊರಮೈಯ ದಾರ ವರ್ಷವಿಡೀ ಬಿಸಿಲು ಕುಡಿದು ಟೊಳ್ಳಾಗಿರುತ್ತದೆ. ಹೆಬ್ಬೆರಳಿನ ಉಗುರಿನಿಂದ ಹೊಲಿಗೆಯನ್ನು ಗಟ್ಟಿಯಾಗಿ ಕೆರೆಯಿರಿ. ದಾರ ಪುಡಿಯಾದರೆ ಆ ಸಾಲನ್ನು ಮತ್ತೆ ಹೊಲಿಸಲೇಬೇಕು. ಹತ್ತಿ ದಾರ ಬೇಡ, ಪಾಲಿಯೆಸ್ಟರ್ ಇರಲಿ. ಬಿಸಿಲಿಗೆ ಬಗ್ಗದ ಪಿಟಿಎಫ್ಇ ದಾರವೂ ಸಿಗುತ್ತದೆ, ಬೆಲೆ ಮಾತ್ರ ಹೆಚ್ಚು. ಹಳೆಯ ತೂತಿನಲ್ಲೇ ಸೂಜಿ ಬೀಳುವಂತೆ ಹೊಲಿಯುವ ಟೇಲರು ಸಿಕ್ಕಿದರೆ ಅವರನ್ನು ಬಿಡಬೇಡಿ. ಹೊಸ ತೂತು ಮಾಡಿದಷ್ಟೂ ಸೋರುವ ಬಾಯಿ ಹೆಚ್ಚುತ್ತದೆ. ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿದರೆ ಸಾಕು. ಎಣ್ಣೆ ಹಾಕಿದರೆ ಮರಳು ಹಿಡಿಯುತ್ತದೆ.

ಈಗ ಲೇಪ. ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ಮೇಣದ್ದು, ಸಿಲಿಕೋನಿನದು, ಫ್ಲೋರಿನ್ ಸೇರಿದ್ದು. ಮೇಣ ಹತ್ತಿಗೆ ಚೆನ್ನ, ಆದರೆ ನಮ್ಮ ಬಿಸಿಲಿಗೆ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಸಿಲಿಕೋನು ಬಹುತೇಕ ಬಟ್ಟೆಗಳಿಗೆ ಹೊಂದುತ್ತದೆ. ಫ್ಲೋರಿನ್ನಿನ ಲೇಪ ನೀರನ್ನಷ್ಟೇ ಅಲ್ಲ, ಎಣ್ಣೆಯನ್ನೂ ದೂರವಿಡುತ್ತದೆ. ಅಕ್ರಿಲಿಕ್ಕಿನವರು ಬಹಳ ಕಾಲ ಅದನ್ನೇ ನಂಬಿದ್ದರು. ಆದರೆ ಆ ಜಾತಿಯ ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ, ನಮ್ಮ ರಕ್ತದಲ್ಲಿ ವಿಘಟನೆಯಾಗದೆ ಉಳಿದುಬಿಡುತ್ತವೆ. ಅವುಗಳಲ್ಲೊಂದಾದ ಪಿಎಫ್ಒಎಯನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಫ್ರಾನ್ಸ್ 2025ರಲ್ಲಿ ಮಾಡಿದ ಕಾಯಿದೆ ಉಡುಪು, ಪಾದರಕ್ಷೆ ಮತ್ತು ಅವುಗಳ ನೀರುನಿರೋಧಕಗಳಲ್ಲಿ ಈ ಇಡೀ ಕುಟುಂಬವನ್ನು 2026ರ ಜನವರಿಯಿಂದ ತಡೆಯಿತು. ನಾವು ಲೇಪ ಹಚ್ಚುವುದು ನದಿಯ ಮೇಲೆ ಓಡುವ ವಸ್ತುವಿಗೆ. ಹಚ್ಚಿದ್ದರಲ್ಲಿ ಒಂದಿಷ್ಟು ತೊಳೆದು ನದಿಗೇ ಇಳಿಯುತ್ತದೆ. ಫ್ಲೋರಿನ್ ಇಲ್ಲದ್ದನ್ನೇ ಕೇಳಿ ತನ್ನಿ. ಎರಡು ವರ್ಷ ಬಾಳುವಲ್ಲಿ ಒಂದು ವರ್ಷ ಬಾಳಿದರೂ ನಷ್ಟವಿಲ್ಲ.

ಹತ್ತಿಯ ಬಟ್ಟೆಯವರಿಗೆ ಖರ್ಚಿಲ್ಲದ ಹಳೆಯ ದಾರಿಯೊಂದಿದೆ. ನಿಜವಾದ ಬಾರ್ ಸೋಪನ್ನು ತುರಿದು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಪೂರ್ತಿ ನೆನೆಸಿ ಹಿಂಡಬೇಕು. ಜಾಲಿಸಬಾರದು. ಹಾಗೆಯೇ ಪಟಿಕದ ನೀರಿನಲ್ಲಿ ಅದ್ದಬೇಕು. ಪಟಿಕದಲ್ಲಿರುವ ಅಲ್ಯುಮಿನಿಯಂ ಸೋಪಿನೊಂದಿಗೆ ಕೂಡಿ ನೀರಿನಲ್ಲಿ ಕರಗದ ಮೇಣದಂಥ ವಸ್ತುವಾಗಿ ನೂಲಿನೊಳಗೇ ಕೂರುತ್ತದೆ. ಇಷ್ಟು ಹೊತ್ತು ಸೋಪನ್ನು ಬೈದವನು ಈಗ ಸೋಪು ಹಾಕಿ ಎನ್ನುತ್ತಿದ್ದಾನಲ್ಲ ಎಂದು ನಗಬೇಡಿ. ಇಲ್ಲಿ ಸೋಪು ಸೋಪಾಗಿ ಉಳಿಯುವುದಿಲ್ಲ. ಡಿಟರ್ಜೆಂಟ್ ಬಾರಿನಿಂದ ಇದು ಆಗುವುದಿಲ್ಲ, ಗಡಸು ನೀರಿನಲ್ಲೂ ಆಗುವುದಿಲ್ಲ. ಕೊನೆಗೊಮ್ಮೆ ಬರೀ ನೀರಿನಲ್ಲಿ ಅದ್ದಿ ತೆಗೆಯಿರಿ. ಉಳಿದ ಪಟಿಕದ ಹುಳಿ ಹತ್ತಿಯನ್ನು ಸೊರಗಿಸುತ್ತದೆ. ಅಂಗಡಿಯ ಲೇಪದಷ್ಟು ಬಾಳುವುದಿಲ್ಲ, ಆದರೆ ಸಂತೆಯಲ್ಲಿ ಸಿಗುವ ಸಾಮಾನಿನಿಂದ ಆಗುವ ಕೆಲಸ.

ಡಬ್ಬಿಯ ಲೇಪ ಹಚ್ಚುವವರು ಬೆಳಗಿನ ಹೊತ್ತು ಆರಿಸಿಕೊಳ್ಳಿ. ನಡುಹಗಲಿನಲ್ಲಿ ಬಟ್ಟೆ ಕಾದಿದ್ದರೆ ದ್ರವ ನೂಲಿಗೆ ಇಳಿಯುವ ಮೊದಲೇ ಆರಿ, ಮೇಲೆ ಬಿಳಿ ಪಟ್ಟೆ ಉಳಿಯುತ್ತದೆ. ಪರದೆಗಳಿಗೆ ಹಳೆಯ ಪತ್ರಿಕೆ ಅಂಟಿಸಿ ಮರೆ ಮಾಡಿ. ಅಗಲವಾದ ಬ್ರಷ್ಷಿನಿಂದ ತೆಳ್ಳಗೆ ಒಂದು ಸಲ ಉದ್ದಕ್ಕೆ, ಆರಿದ ಮೇಲೆ ಇನ್ನೊಂದು ಸಲ ಅಡ್ಡಕ್ಕೆ. ಒಂದೇ ಸಲಕ್ಕೆ ದಪ್ಪವಾಗಿ ಬಳಿದರೆ ಹೆಚ್ಚು ಬಾಳುತ್ತದೆ ಎಂಬುದು ಸುಳ್ಳು. ಹೊಲಿಗೆಯ ಸಾಲಿಗೆ ಮಾತ್ರ ಒಂದು ಸಲ ಹೆಚ್ಚು ಕೊಡಿ. ಸೀಮೆಎಣ್ಣೆಯ ಜಾತಿಯ ದ್ರಾವಕವಿರುವ ಲೇಪವಾದರೆ ಹತ್ತಿರ ಬೀಡಿ ಬೇಡ, ಎಂಜಿನ್ನು ಚಾಲೂ ಮಾಡುವುದೂ ಬೇಡ.

ಲೇಪ ಎಷ್ಟೇ ಚೆನ್ನಾಗಿದ್ದರೂ ನಿಂತ ನೀರಿನ ಮುಂದೆ ಅದರ ಆಟ ನಡೆಯುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರ್ ನೀರು ನಿಂತರೆ ಅದರ ತೂಕ ಹತ್ತು ಕಿಲೋ. ಆ ಭಾರಕ್ಕೆ ಬಟ್ಟೆ ಜೋಲುತ್ತದೆ, ಜೋತಷ್ಟೂ ಇನ್ನಷ್ಟು ನೀರು ನಿಲ್ಲುತ್ತದೆ, ಕೊನೆಗೆ ಒತ್ತಡವೇ ನೀರನ್ನು ನೇಯ್ಗೆಯೊಳಗಿಂದ ಕೆಳಗೆ ದೂಡುತ್ತದೆ. "ಲೇಪ ಹಚ್ಚಿದರೂ ಸೋರ್ತದೆ" ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ಚೌಕಟ್ಟಿನದು. ನಡುವಿನ ಪೈಪನ್ನು ಒಂದು ಗೇಣು ಎತ್ತರಿಸಿ ಇಳಿಜಾರು ಮಾಡಿ, ಹಗ್ಗ ಬಿಗಿಯಿರಿ.

ಮಳೆಗಾಲಕ್ಕೆ ಎತ್ತಿಡುವಾಗ ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಸಡಿಲವಾಗಿ ಸುರುಳಿ ಸುತ್ತಿ, ಹೊಗೆ ತಾಗದ ಅಟ್ಟದಲ್ಲಿ ಬಿದಿರಿನ ಗಳದ ಮೇಲೆ ತೂಗಿಬಿಡಿ. ಇಲಿಗೂ ಎಟುಕದು, ಗಾಳಿಯೂ ಆಡುತ್ತದೆ. ಪಾರದರ್ಶಕ ಪರದೆಯ ಮೇಲೆ ಹಳೆಯ ಸೀರೆ ಹಾಸಿಕೊಂಡೇ ಸುತ್ತಬೇಕು, ಇಲ್ಲವಾದರೆ ಒಂದಕ್ಕೊಂದು ಅಂಟುತ್ತದೆ.

ಇಷ್ಟೆಲ್ಲ ಯಾರು ಮಾಡುತ್ತಾರೆ, ನೀಲಿ ತಾಡಪಾಲು ತಂದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಹೌದು, ಅಗ್ಗ. ಆದರೆ ಆ ನೀಲಿ ಹಾಳೆ ನಮ್ಮ ಬಿಸಿಲಿನಲ್ಲಿ ಒಂದೆರಡು ವರ್ಷಕ್ಕೆ ಸೀಳು ಸೀಳಾಗಿ ಉದುರುತ್ತದೆ. ಉದುರಿದ ಎಳೆಗಳು ಎಲ್ಲಿಗೆ ಹೋಗುತ್ತವೆ? ದೋಣಿ ಎಲ್ಲಿದೆಯೋ ಅಲ್ಲಿಗೆ. ತೊಳೆಯಲಾರದ, ಹೊಲಿಯಲಾರದ, ಲೇಪ ಹಿಡಿಯದ ವಸ್ತುವಿಗೆ ವರ್ಷ ವರ್ಷ ಹಣ ಹಾಕುವುದು ಉಳಿತಾಯ ಎಂದು ನನಗೆ ಅನಿಸುವುದಿಲ್ಲ.

ಕೊನೆಗೆ ಒಂದು ವಿನಂತಿ, ಅರ್ಧ ದೋಣಿಯವರಿಗೆ, ಅರ್ಧ ಪಂಚಾಯಿತಿಯವರಿಗೆ. ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್‌ಸಾರ್ ಮನ್ನಣೆ ಬಂದಿದೆ. ಅಲ್ಲಿ ಬಳಚು ಹೆಕ್ಕಿ ಬದುಕುವ ಮನೆಗಳು ಎಷ್ಟೋ ಇವೆ. ಬಳಚು ನೀರನ್ನು ಸೋಸಿ ತಿನ್ನುವ ಜೀವಿ. ನಾವು ನೀರಿಗೆ ಬಿಟ್ಟದ್ದು ಅದರ ಮೈಸೇರಿ ನಮ್ಮ ತಟ್ಟೆಗೇ ಬರುತ್ತದೆ. ಶರಾವತಿ, ಕಾಳಿ, ಸೀತಾ, ಸ್ವರ್ಣಾ ಯಾವುದರ ದಡದಲ್ಲೂ ಬ್ಲೀಚು, ಸೋಪು, ಲೇಪದ ಬ್ರಷ್ಷು ತೊಳೆಯಬೇಡಿ. ಮಣ್ಣಿನ ಜಾಗದಲ್ಲಿ, ಬಾವಿಯಿಂದ ದೂರ, ದಡದಿಂದ ಮೇಲೆ ತಂದು ತೊಳೆಯಿರಿ. ಪ್ರತಿಯೊಂದು ದೋಣಿ ತಂಗುವ ಜಾಗದಲ್ಲೂ ಒಂದು ಸಿಹಿನೀರಿನ ನಲ್ಲಿ, ಬಟ್ಟೆ ಹಾಸುವಷ್ಟು ಸಿಮೆಂಟಿನ ಕಟ್ಟೆ, ಅದರ ನೀರು ಇಂಗಲು ಒಂದು ಗುಂಡಿ, ಇಷ್ಟನ್ನು ಪಂಚಾಯಿತಿಯವರು ಮಾಡಿಕೊಡಲಿ. ದೊಡ್ಡ ಖರ್ಚೇನಲ್ಲ. ಮುಂದಿನ ಗ್ರಾಮಸಭೆಯಲ್ಲಿ ದೋಣಿಯವರು ಎದ್ದು ನಿಂತು ಇ‌ದನ್ನು ಕೇಳಬೇಕು.